ಒಂದು ಬಾಟಲಿ ಬೋರ್‌ವೆಲ್ ನೀರು, ಮೊದಲ ವರ್ಷದ ಕೆಮಿಸ್ಟ್ರಿ

ಮನೆಯಿಂದ ಒಂದು ಬಾಟಲಿ ನೀರು ತನ್ನಿ. ಲೀಟರಿನ ಬಾಟಲಿ, ಕತ್ತಿನವರೆಗೂ ತುಂಬಿರಲಿ. ಫಿಲ್ಟರ್ ನೀರು ಬೇಡ, ಕ್ಯಾನ್ ನೀರೂ ಬೇಡ. ಪಾತ್ರೆ ತೊಳೆಯುವ ನಲ್ಲಿಯಲ್ಲಿ ಹಿಡಿದದ್ದು ಬೇಕು.

ಕೆಮಿಸ್ಟ್ರಿ ಸೈಕಲ್, ಅಂದರೆ ಮೊದಲ ವರ್ಷದಲ್ಲಿ ಕೆಮಿಸ್ಟ್ರಿ ಇರುವ ಸೆಮಿಸ್ಟರ್, ಅದರ ಮೊದಲ ವಾರ ಲ್ಯಾಬಿನಲ್ಲಿ ನಾನು ಹೇಳುವ ಮೊದಲ ಮಾತು ಇದು. ತುಮಕೂರು ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ 21 ವರ್ಷದಿಂದ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಥಿಯರಿ ಪಾಠ ನನ್ನದಲ್ಲ. ಬ್ಯೂರೆಟ್ಟು (ಹನಿ ಹನಿಯಾಗಿ ಬಿಡುವ ಅಳತೆಯ ಕೊಳವೆ), ಪಿಪೆಟ್ಟು (ದ್ರವ ಹೀರಿ ಅಳೆಯುವ ಕೊಳವೆ), ಒಡೆದ ಗಾಜು, ಕಳೆದ ಬೀಗದ ಕೈ ನನ್ನವು. ಮಕ್ಕಳು ಬಾಟಲಿ ಕೇಳಿದ ಕೂಡಲೇ ನಗುತ್ತಾರೆ. ಸಿಇಟಿಗೆಂದು ಕೆಮಿಸ್ಟ್ರಿಯ 60 ಪ್ರಶ್ನೆಗೆ 80 ನಿಮಿಷದಲ್ಲಿ ಗುರುತು ಹಾಕಿ ಬಂದವರು. ಅದರಲ್ಲಿ ಅರ್ಧ ಜನ ಪಿಯುಸಿಯಲ್ಲಿ ಬ್ಯೂರೆಟ್ ಹಿಡಿದಿದ್ದೇ ಎರಡೋ ಮೂರೋ ಸಲ. ಮೇಲಿಂದ ಒಂದು ಗೊಣಗಾಟ: 'ಮೇಡಂ, ನಾನು ಕಂಪ್ಯೂಟರ್ ಸೈನ್ಸು, ನನಗ್ಯಾಕೆ ಇದು?'

ಅದಕ್ಕೆ ಉತ್ತರ ಕೊಡುವ ಕೆಲಸ ನಾನು ಬಿಟ್ಟಿದ್ದೇನೆ. ಬಾಟಲಿ ತಂದರೆ ಸಾಕು. ನೀರಿನ ಗಡಸುತನ ಅಳೆಯುವ ಒಂದು ಪ್ರಯೋಗವನ್ನು ನಿಜವಾಗಿ ಮಾಡಿದರೆ ಮೋಲ್, ಮೊಲಾರಿಟಿ, ಪಿಎಚ್, ಬಫರ್, ಕಾಂಪ್ಲೆಕ್ಸ್, ಇಂಡಿಕೇಟರ್ ಎಲ್ಲವೂ ಆ ಒಂದೇ ಫ್ಲಾಸ್ಕಿನಲ್ಲಿ ಸಿಗುತ್ತವೆ. ಸಿಲಬಸ್ಸನ್ನು ಅಧ್ಯಾಯ ಅಧ್ಯಾಯವಾಗಿ ಉರು ಹೊಡೆಯುವ ಬದಲು ಇದೊಂದನ್ನು ಕೈಗೆ ಹತ್ತಿಸಿಕೊಳ್ಳಿ.

ಗಡಸು ನೀರನ್ನು ನೀವು ಆಗಲೇ ಬಲ್ಲಿರಿ

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿದವರಿಗೆ 'ಹಾರ್ಡ್‌ನೆಸ್ ಆಫ್ ವಾಟರ್' ಅಂದರೆ ಏನೋ ಹೊಸದು ಅನ್ನಿಸುತ್ತದೆ. ಹೊಸದೇನಲ್ಲ. ನಿಮ್ಮ ಅಮ್ಮ 'ಈ ನೀರಲ್ಲಿ ಬೇಳೆ ಬೇಯಲ್ಲ' ಅನ್ನುತ್ತಾರಲ್ಲ, ಅದೇ ಇದು. ಸೋಪು ಉಜ್ಜಿ ಉಜ್ಜಿ ನೊರೆ ಬಾರದೆ ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಅಂಟುತ್ತದಲ್ಲ, ಅದೂ ಇದೇ. ನೀರೊಲೆಯ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಸ್ಟೀಲ್ ಲೋಟ ಒಣಗಿದರೆ ಚುಕ್ಕೆ ಬೀಳುತ್ತದೆ.

ಎಲ್ಲದರ ಹಿಂದೆ ಇರುವುದು ಮುಖ್ಯವಾಗಿ ಇಬ್ಬರು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇಬ್ಬರ ಮೇಲೂ ಎರಡೆರಡು ಪ್ಲಸ್ ಚಾರ್ಜು. ಸೋಪಿನ ಕೊಬ್ಬಿನ ಆಮ್ಲವನ್ನು ಹಿಡಿದುಕೊಂಡು ಕರಗದ ಜಿಡ್ಡಾಗಿಸುತ್ತಾರೆ. ಬೇಳೆಯಲ್ಲಿರುವ ಪೆಕ್ಟಿನ್ನನ್ನು ಹಿಡಿದುಕೊಂಡು ಅದು ಮೆತ್ತಗಾಗದಂತೆ ಮಾಡುತ್ತಾರೆ. ಬೈಕಾರ್ಬೊನೇಟ್ ಜೊತೆ ಇದ್ದರೆ ಕುದಿಸಿದಾಗ ತಳಕ್ಕೆ ಇಳಿಯುತ್ತಾರೆ. ಇದು ತಾತ್ಕಾಲಿಕ ಗಡಸುತನ. ಕ್ಲೋರೈಡ್, ಸಲ್ಫೇಟ್ ಜೊತೆ ಇದ್ದರೆ ಎಷ್ಟು ಕುದಿಸಿದರೂ ಇಳಿಯುವುದಿಲ್ಲ. ಇದು ಶಾಶ್ವತ ಗಡಸುತನ.

ಒಂದು ಗೊಂದಲ ಈಗಲೇ ಬಿಡಿಸಿಬಿಡುತ್ತೇನೆ. ಉಪ್ಪು ನೀರು ಬೇರೆ, ಗಡಸು ನೀರು ಬೇರೆ. ಆರ್‌ಒ ಮಾರಲು ಬರುವವರು ಪೆನ್ನಿನಂಥ ಮೀಟರನ್ನು ಲೋಟಕ್ಕೆ ಅದ್ದಿ '900 ಇದೆ ನೋಡಿ' ಎಂದು ಹೆದರಿಸುತ್ತಾರೆ. ಆ ಮೀಟರ್ ನೋಡುವುದು ನೀರು ಎಷ್ಟು ಕರೆಂಟ್ ಹರಿಸುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಅಂದಾಜು ಸಿಗುತ್ತದೆ. ಮಳೆ ನೀರಿಗೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಅದ್ದಿದರೂ ಮೀಟರ್ ಮೇಲೇರುತ್ತದೆ. ಗಡಸುತನ ಮಾತ್ರ ಹೆಚ್ಚುಕಮ್ಮಿ ಸೊನ್ನೆಯೇ, ಯಾಕೆಂದರೆ ಸೋಡಿಯಂ ಈ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಯ ಲೆಕ್ಕದಲ್ಲೂ ಇದೇ ಬಲೆ ಹಾಕುತ್ತಾರೆ. ನಾಲ್ಕು ಲವಣ ಕೊಟ್ಟು ಐದನೆಯದಾಗಿ ಸೋಡಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಅದನ್ನು ಮುಟ್ಟಬೇಡಿ.

ಇಡಿಟಿಎ ತಲೆ ಎಣಿಸುತ್ತದೆ

ನಮ್ಮ ಅಸ್ತ್ರದ ಹೆಸರು ಇಡಿಟಿಎ. ಪೂರ್ತಿ ಹೆಸರು ಎಥಿಲೀನ್ ಡೈಅಮೀನ್ ಟೆಟ್ರಾ ಅಸಿಟಿಕ್ ಆಸಿಡ್. ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಕೇಳಿಯೇ ಕೇಳುತ್ತಾರೆ, ಒಮ್ಮೆ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಳ್ಳಿ. ಇದನ್ನಿಟ್ಟುಕೊಂಡು ಲೋಹಗಳನ್ನು ಅಳೆಯುವ ವಿಧಾನವನ್ನು 1940ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಗೆರೋಲ್ಡ್ ಶ್ವಾರ್ಜೆನ್‌ಬಾಖ್ ಬೆಳೆಸಿದರು. ಅದರ ಅಣುವಿಗೆ ಆರು ಹಿಡಿತಗಳಿವೆ: ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್. ಏಡಿ ಹಿಡಿದ ಹಾಗೆ ಲೋಹದ ಅಯಾನನ್ನು (ಚಾರ್ಜು ಹೊತ್ತ ಕಣವನ್ನು) ಸುತ್ತಲಿಂದ ಹಿಡಿಯುತ್ತದೆ.

ಮುಖ್ಯ ವಿಷಯ ಇದು: ಒಂದು ಇಡಿಟಿಎ ಒಂದೇ ಅಯಾನನ್ನು ಹಿಡಿಯುತ್ತದೆ. ಕ್ಯಾಲ್ಸಿಯಂ ಆದರೂ ಒಂದು, ಮೆಗ್ನೀಸಿಯಂ ಆದರೂ ಒಂದು. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವುದು ತಲೆಗೆ ಒಂದರಂತೆ ಅಲ್ವಾ? ನೀವು 40 ಕೆಜಿ ಇದ್ದೀರೋ 90 ಕೆಜಿ ಇದ್ದೀರೋ ಅವರಿಗೆ ಬೇಕಿಲ್ಲ. ಮೋಲ್ ಎಂದರೆ ಈ ತಲೆ ಲೆಕ್ಕ. ಗ್ರಾಂ ಎಂದರೆ ತೂಕದ ಲೆಕ್ಕ. ತೂಕದಿಂದ ತಲೆಗೆ ಬರಬೇಕಾದರೆ ಒಂದು ಮೋಲಿನ ತೂಕದಿಂದ ಭಾಗಿಸಬೇಕು. ಪಿಯುಸಿಯಲ್ಲಿ ಮೋಲ್ ಕಾನ್ಸೆಪ್ಟ್‌ಗೆ ಹೆದರಿದವರು ಇಷ್ಟನ್ನು ಹಿಡಿದುಕೊಂಡರೆ ಸಾಕು.

ಲ್ಯಾಬಿನಲ್ಲಿ ಬಳಸುವುದು ಇಡಿಟಿಎಯ ಡೈಸೋಡಿಯಂ ಲವಣವನ್ನು. ಆಮ್ಲ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಲವಣ ಕರಗುತ್ತದೆ. ಅದರ ಒಂದು ಮೋಲ್ 372.24 ಗ್ರಾಂ. ವೇಯಿಂಗ್ ಬಾಟಲ್‌ನಲ್ಲಿ ಕೊಟ್ಟದ್ದನ್ನು 250 ಎಂಎಲ್ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಫನೆಲ್ ಇಟ್ಟು ಸುರಿದು, ಖಾಲಿ ಬಾಟಲ್ ಮತ್ತೆ ತೂಗಿ. ಎರಡರ ವ್ಯತ್ಯಾಸ 0.938 ಗ್ರಾಂ ಬಂತು ಅಂದುಕೊಳ್ಳಿ. ಲೀಟರಿಗೆ ನಾಲ್ಕು ಪಟ್ಟು, ಅಂದರೆ 3.752 ಗ್ರಾಂ. ಇದನ್ನು 372.24ರಿಂದ ಭಾಗಿಸಿದರೆ 0.01008 ಮೊಲಾರ್, ಅಂದರೆ ಲೀಟರಿಗೆ ಅಷ್ಟು ಮೋಲ್.

'ಮೇಡಂ, 0.01 ಅಂತಲೇ ಬರೆದುಬಿಡ್ಲಾ?' ಬೇಡ. ನೀವು ತೂಗಿದ್ದು ಎಷ್ಟೋ ಅಷ್ಟೇ ಬರೆಯಿರಿ. ಕೊನೆಯಲ್ಲಿ ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ತೋರಿಸುತ್ತೇನೆ.

ಫ್ಲಾಸ್ಕನ್ನು ಗುರುತಿನವರೆಗೆ ತುಂಬುವುದಕ್ಕೆ ನಾವು ಮೇಕಪ್ ಮಾಡೋದು ಅನ್ನುತ್ತೇವೆ. ಹರಳು ಪೂರ್ತಿ ಕರಗುವ ಮುಂಚೆ ಮೇಕಪ್ ಮಾಡಬೇಡಿ. ಕೊನೆಯ ಒಂದು ಎಂಎಲ್ ಹನಿ ಹನಿಯಾಗಿ ಹಾಕಿ. ಆಮೇಲೆ ಮುಚ್ಚಳ ಹಾಕಿ ಹತ್ತು ಸಲ ತಲೆಕೆಳಗು ಮಾಡಿ. ಇದನ್ನು ಮಾಡದಿದ್ದರೆ ಫ್ಲಾಸ್ಕಿನ ತಳದಲ್ಲಿ ಗಟ್ಟಿ, ಕತ್ತಿನಲ್ಲಿ ತೆಳು.

ಟವೆಲ್ ಹಾಕಿದವನು ಎದ್ದು ನಿಲ್ಲುವ ಕ್ಷಣ

ನೀರಿರುವ ಫ್ಲಾಸ್ಕಿಗೆ ಬ್ಯೂರೆಟ್ಟಿನಿಂದ ಇಡಿಟಿಎ ಹನಿ ಹನಿಯಾಗಿ ಬಿಟ್ಟು, ಎಷ್ಟು ಖರ್ಚಾಯಿತು ಎಂದು ನೋಡುವುದೇ ಟೈಟ್ರೇಶನ್. ಎಲ್ಲ ಅಯಾನುಗಳನ್ನೂ ಹಿಡಿದಾಯಿತು ಎಂದು ಗೊತ್ತಾಗುವುದು ಹೇಗೆ? ಕ್ಯಾಲ್ಸಿಯಂಗೆ ಬಣ್ಣವಿಲ್ಲ, ಇಡಿಟಿಎಗೂ ಇಲ್ಲ. ಅದಕ್ಕೇ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಇಂಡಿಕೇಟರ್, ಬಣ್ಣ ಬದಲಿಸಿ ಸುಳಿವು ಕೊಡುವ ವಸ್ತು. ಲ್ಯಾಬಿನಲ್ಲಿ ಎಲ್ಲರೂ ಇಬಿಟಿ ಅನ್ನುತ್ತಾರೆ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ? ಇಬಿಟಿ ಅಂಥದ್ದು. ನೀರಿಗೆ ಬಿದ್ದ ಕೂಡಲೇ ಸ್ವಲ್ಪ ಮೆಗ್ನೀಸಿಯಂ ಹಿಡಿದು ಕೂರುತ್ತದೆ. ಹಾಗೆ ಕೂತಾಗ ಅದರ ಬಣ್ಣ ಕೆಂಪು. ಆದರೆ ಹಿಡಿತ ಗಟ್ಟಿ ಇಲ್ಲ. ಇಡಿಟಿಎ ರಿಸರ್ವೇಶನ್ ಚೀಟಿ ಹಿಡಿದು ಬಂದವನು. ಮೊದಲು ಖಾಲಿ ಇರುವ ಕ್ಯಾಲ್ಸಿಯಂ ಹಿಡಿಯುತ್ತಾನೆ, ಆಮೇಲೆ ಖಾಲಿ ಮೆಗ್ನೀಸಿಯಂ. ಎಲ್ಲ ಮುಗಿದ ಮೇಲೆ ಟವೆಲ್ ಹಾಕಿ ಕೂತವನನ್ನು ಎಬ್ಬಿಸುತ್ತಾನೆ. ಸೀಟು ಬಿಟ್ಟು ಎದ್ದ ಇಬಿಟಿಯ ಬಣ್ಣ ನೀಲಿ. ಆ ಬದಲಾವಣೆಯೇ ಎಂಡ್ ಪಾಯಿಂಟ್.

ಪುಸ್ತಕದಲ್ಲಿ 'ವೈನ್ ರೆಡ್' ಎಂದು ಬರೆದಿರುತ್ತಾರೆ. ವೈನ್ ನೋಡದ ಮಕ್ಕಳು ವೈನ್ ರೆಡ್ ಅಂದರೆ ಯಾವುದೆಂದು ಕೇಳುತ್ತಾರೆ. ಬೀಟ್‌ರೂಟ್ ಬೇಯಿಸಿದ ನೀರು ಅಂದುಕೊಳ್ಳಿ. ಕೊನೆಗೆ ಬರಬೇಕಾದದ್ದು ಬಿಳಿ ಪಂಚೆಗೆ ಹಾಕುವ ನೀಲಿಯ ಬಣ್ಣ. ಎರಡರ ನಡುವೆ ನೇರಳೆ ಹಣ್ಣಿನ ಬಣ್ಣ ಒಂದು ಬರುತ್ತದೆ. ನೇರಳೆ ಕಂಡರೆ ಕೈ ನಿಧಾನ ಮಾಡಿ. ಅಲ್ಲಿಂದ ಒಂದೊಂದೇ ಹನಿ, ಪ್ರತಿ ಹನಿಗೂ ಫ್ಲಾಸ್ಕ್ ತಿರುಗಿಸಿ ಎರಡು ಮೂರು ಸೆಕೆಂಡು ಕಾಯಬೇಕು. ಕೊನೆಯಲ್ಲಿ ಈ ಕ್ರಿಯೆ ನಿಧಾನ. ಕೆಂಪಿನ ಸುಳಿವೂ ಇರದ ನೀಲಿ ಬಂದಾಗ ನಿಲ್ಲಿಸಿ.

ಇಲ್ಲೊಂದು ಮೋಸವಿದೆ. ಫಿನಾಲ್ಫ್ತಲೀನ್ ಎಂಬ ಇನ್ನೊಂದು ಇಂಡಿಕೇಟರ್ ಹಾಕಿದ ಟೈಟ್ರೇಶನ್‌ನಲ್ಲಿ ಜಾಸ್ತಿ ಸುರಿದರೆ ಗುಲಾಬಿ ಗಾಢವಾಗಿ ನಿಮ್ಮನ್ನು ಹಿಡಿದುಕೊಡುತ್ತದೆ. ಇಲ್ಲಿ ಹಾಗಿಲ್ಲ. ಎಂಡ್ ಪಾಯಿಂಟ್ ದಾಟಿ ಎರಡು ಎಂಎಲ್ ಸುರಿದರೂ ಅದೇ ನೀಲಿ. ಹಾಗಾಗಿ ಮೊದಲ ಸಲ ರಫ್ ಆಗಿ ಮಾಡಿ, ಎಲ್ಲಿ ತಿರುಗುತ್ತದೆ ಎಂದು ನೋಡಿಕೊಳ್ಳಿ. ಎರಡನೆಯ ಸಲ ಅದಕ್ಕಿಂತ ಒಂದು ಎಂಎಲ್ ಮುಂಚೆಯೇ ಹನಿಗೆ ಇಳಿಯಿರಿ.

ಬಫರ್ ಯಾಕೆ ಬೇಕು? ಇಡಿಟಿಎ ಒಂದು ಕ್ಯಾಲ್ಸಿಯಂ ಹಿಡಿದಾಗ ತನ್ನಲ್ಲಿದ್ದ ಹೈಡ್ರೋಜನ್ ಅಯಾನುಗಳನ್ನು ನೀರಿಗೆ ಬಿಡುತ್ತದೆ. ಟೈಟ್ರೇಶನ್ ಮುಂದುವರಿದ ಹಾಗೆಲ್ಲ ನೀರು ಹುಳಿಯಾಗುತ್ತಾ ಹೋಗುತ್ತದೆ. ಹುಳಿಯಾದಷ್ಟೂ ಪಿಎಚ್ ಇಳಿಯುತ್ತದೆ. ಪಿಎಚ್ ಇಳಿದರೆ ಇಡಿಟಿಎ ಹಿಡಿತ ಸಡಿಲ. ಇನ್ನೂ ಇಳಿದು 6ರ ಆಸುಪಾಸು ಬಂದರೆ ಇಬಿಟಿ ಯಾರನ್ನೂ ಹಿಡಿಯದೆ ತಾನೇ ಕೆಂಪಾಗುತ್ತದೆ. ಆಗ ಕೆಂಪು ನೀಲಿಗೆ ಅರ್ಥವೇ ಇಲ್ಲ. ಪಿಎಚ್ ತೀರಾ ಮೇಲೇರಿ 12 ಮುಟ್ಟಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ, ಲೆಕ್ಕದಿಂದಲೇ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ 10. ಅಮೋನಿಯಾ ಮತ್ತು ಅಮೋನಿಯಂ ಕ್ಲೋರೈಡ್ ಸೇರಿ ಪಿಎಚ್ಚನ್ನು ಅಲ್ಲಿ ಹಿಡಿದು ನಿಲ್ಲಿಸುತ್ತವೆ. ಆ ಬಾಟಲಿಯ ಮುಚ್ಚಳ ತೆಗೆದು ಮೂಗು ಇಡಬೇಡಿ. ಪ್ರತಿ ಬ್ಯಾಚಿನಲ್ಲೂ ಒಬ್ಬರು ಇಡುತ್ತಾರೆ.

ಬಫರ್ ಹಾಕಿದ ಮೇಲೆ ಫ್ಲಾಸ್ಕ್ ಪಕ್ಕಕ್ಕಿಟ್ಟು ಹರಟೆ ಹೊಡೆಯಬೇಡಿ. ಪಿಎಚ್ 10ರಲ್ಲಿ ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ನಿಧಾನಕ್ಕೆ ಕೂರಲು ಶುರುಮಾಡುತ್ತದೆ. ಐದು ನಿಮಿಷದೊಳಗೆ ಮುಗಿಸಿ.

ಕೈ ಕೆಲಸ

ಬ್ಯೂರೆಟ್ಟನ್ನು ಇಡಿಟಿಎಯಿಂದ ತೊಳೆಯಿರಿ. ಪಿಪೆಟ್ಟನ್ನು ನಿಮ್ಮ ಬಾಟಲಿಯ ನೀರಿನಿಂದ ತೊಳೆಯಿರಿ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲಿ. ಯಾಕೆ ಈ ಭೇದ? ವೈವಾದಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಇಲ್ಲಿ ಕಣ್ಣು ಕಣ್ಣು ಬಿಡುತ್ತಾರೆ. ಬ್ಯೂರೆಟ್ಟಿನಲ್ಲಿ ನೀರು ಉಳಿದಿದ್ದರೆ ಇಡಿಟಿಎ ತೆಳುವಾಗುತ್ತದೆ, ನಿಮ್ಮ ಮೊಲಾರಿಟಿ ಸುಳ್ಳಾಗುತ್ತದೆ. ಪಿಪೆಟ್ಟಿನಲ್ಲಿ ನೀರು ಉಳಿದಿದ್ದರೆ ಸ್ಯಾಂಪಲ್ ತೆಳುವಾಗುತ್ತದೆ. ಫ್ಲಾಸ್ಕಿನಲ್ಲಿ ಡಿಸ್ಟಿಲ್ಡ್ ವಾಟರ್ ಎಷ್ಟಿದ್ದರೂ ತೊಂದರೆ ಇಲ್ಲ. ನೀವು 25 ಎಂಎಲ್ ಅಳೆದು ಹಾಕಿ ಆಗಿದೆ, ಒಳಗಿರುವ ತಲೆಗಳ ಸಂಖ್ಯೆ ಬದಲಾಗುವುದಿಲ್ಲ. ಫ್ಲಾಸ್ಕನ್ನೇ ಸ್ಯಾಂಪಲ್ ನೀರಿನಿಂದ ತೊಳೆದರೆ ಮಾತ್ರ ಟಿಕೆಟ್ ಇಲ್ಲದ ಪ್ರಯಾಣಿಕರು ಹತ್ತಿಕೊಂಡ ಹಾಗೆ.

ಡಿಸ್ಟಿಲ್ಡ್ ವಾಟರ್ ಎಷ್ಟಿದ್ದರೂ ತೊಂದರೆ ಇಲ್ಲ ಎಂದೆ. ಅದು ನಿಜವಾಗಿ ಡಿಸ್ಟಿಲ್ಡ್ ಆಗಿದ್ದರೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಕಥೆ ಇದು. ಮಧ್ಯಾಹ್ನದ ಬ್ಯಾಚು, 20 ಮಕ್ಕಳು. ಎಲ್ಲರಿಗೂ ಒಂದೇ ಸ್ಯಾಂಪಲ್. ಬರುತ್ತಿದ್ದ ರೀಡಿಂಗ್ ಮಾತ್ರ ಒಬ್ಬರದು 12.6, ಇನ್ನೊಬ್ಬರದು 13.9, ಮತ್ತೊಬ್ಬರದು 12.9. ಒಬ್ಬರಿಗೇ ಎರಡು ಸಲ ಒಂದೇ ಉತ್ತರ ಬರುತ್ತಿಲ್ಲ. ಇಬಿಟಿ ಹಳೆಯದೆಂದು ಹೊಸದು ಮಾಡಿದೆ. ಬಫರ್ ಬದಲಿಸಿದೆ. ಮಕ್ಕಳನ್ನು ಬೈದೆ. ಯಾವುದೂ ಸರಿಹೋಗಲಿಲ್ಲ.

ಕೊನೆಗೆ ಒಬ್ಬಳು ಹುಡುಗಿ ಫ್ಲಾಸ್ಕನ್ನು ವಾಷ್ ಬಾಟಲಿನಿಂದ ಧಾರಾಳವಾಗಿ ತೊಳೆಯುವುದು ಕಾಣಿಸಿತು. ಅವಳದೇ ಎಲ್ಲರಿಗಿಂತ ಜಾಸ್ತಿ ರೀಡಿಂಗ್. ವಾಷ್ ಬಾಟಲ್ ಕಿತ್ತುಕೊಂಡು ಅದರ ನೀರನ್ನೇ 25 ಎಂಎಲ್ ಫ್ಲಾಸ್ಕಿಗೆ ಹಾಕಿದೆ. ಬಫರ್, ಮೂರು ಹನಿ ಇಬಿಟಿ. ನೀಲಿ ಬರಬೇಕಿತ್ತು. ಅಚ್ಚ ಬೀಟ್‌ರೂಟ್ ಬಣ್ಣ ಬಂತು! ಬೆಳಗ್ಗೆ ಅವಸರದಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ನಲ್ಲಿ ನೀರು ಹಿಡಿದಿದ್ದೆ. ತುಂಬಿಸಿದವಳು ನಾನೇ. ಬೈಗುಳ ತಿಂದವರು ಮಕ್ಕಳು.

ಅಂದಿನಿಂದ ಪ್ರತಿ ಬ್ಯಾಚಿಗೂ ಮೊದಲು ಬ್ಲ್ಯಾಂಕ್ ಮಾಡಿಸುತ್ತೇನೆ. ಸ್ಯಾಂಪಲ್ ಇಲ್ಲದೆ, ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ನೋಡುವುದೇ ಬ್ಲ್ಯಾಂಕ್. ಹಾಕಿದ ಕೂಡಲೇ ನೀಲಿ ಬಂದರೆ ಮುಂದೆ ಹೋಗಿ. ನಿಮಗೆ ಯಾರೂ ಹೇಳದಿದ್ದರೂ ನೀವು ಮಾಡಿ, ಎರಡು ನಿಮಿಷದ ಕೆಲಸ.

ಉಳಿದವು ಚಿಕ್ಕವು. ಬ್ಯೂರೆಟ್ ತುಂಬಿದ ಮೇಲೆ ಫನೆಲ್ ತೆಗೆಯಿರಿ, ಇಲ್ಲದಿದ್ದರೆ ಅದರಲ್ಲಿ ಕೂತ ಹನಿ ನಡುವೆ ಬೀಳುತ್ತದೆ. ಮೂತಿಯಲ್ಲಿ ಗಾಳಿ ಗುಳ್ಳೆ ಇದ್ದರೆ ಸ್ಟಾಪ್‌ಕಾಕ್ ಪೂರ್ತಿ ತೆರೆದು ಒಮ್ಮೆ ಜೋರಾಗಿ ಬಿಡಿ. ಕಣ್ಣು ದ್ರವದ ಮಟ್ಟಕ್ಕೇ ಇರಲಿ, ಕೆಳಗಿನ ಬಾಗು ಓದಿ. ಪಿಪೆಟ್ಟಿಗೆ ಬಾಯಿ ಹಾಕಬೇಡಿ, ರಬ್ಬರ್ ಬಲ್ಬ್ ಇದೆ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬೇಡಿ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ ಬಿಟ್ಟುಬಿಡಿ. ಆ ಹನಿ ಅಲ್ಲೇ ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಪಿಪೆಟ್ಟಿಗೆ ಗುರುತು ಹಾಕಿರುತ್ತಾರೆ. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಇಡಿ. ಕರಿ ಗ್ರಾನೈಟ್ ಮೇಲೆ ನೇರಳೆ ಯಾವುದು ನೀಲಿ ಯಾವುದು ಎಂದು ದೇವರಿಗೂ ತಿಳಿಯುವುದಿಲ್ಲ.

25 ಎಂಎಲ್ ನೀರು, 2 ಎಂಎಲ್ ಬಫರ್, ಮೂರು ನಾಲ್ಕು ಹನಿ ಇಬಿಟಿ. ಇಬಿಟಿ ಜಾಸ್ತಿ ಹಾಕಿದರೆ ಕಷಾಯದಂತೆ ಕಪ್ಪಾಗುತ್ತದೆ, ಬಣ್ಣ ತಿರುಗುವುದು ಕಾಣುವುದಿಲ್ಲ. ಎರಡು ರೀಡಿಂಗ್ 0.1 ಎಂಎಲ್ ಒಳಗೆ ಹೊಂದುವವರೆಗೂ ಮಾಡಿ.

ಆಮೇಲೆ ರೀಡಿಂಗ್ ಕುಕ್ ಮಾಡುವವರಿಗೆ ಒಂದು ಮಾತು. ಒಂದೇ ಸಲ ಟೈಟ್ರೇಟ್ ಮಾಡಿ ಅಬ್ಸರ್ವೇಶನ್ ಬುಕ್ಕಿನಲ್ಲಿ ಮೂರು ಕಾಲಂ ತುಂಬಿದರೆ ನಮಗೆ ಗೊತ್ತಾಗುತ್ತದೆ. ಟೇಬಲ್ ಮೇಲೆ ಒಂದೇ ನೀಲಿ ಫ್ಲಾಸ್ಕ್ ಇರುತ್ತದಲ್ಲ.

ಲೆಕ್ಕ, ನಮ್ಮ ಮನೆಯ ನೀರಿನದು

ನಮ್ಮ ಮನೆಯ ಬೋರ್‌ವೆಲ್ ನೀರನ್ನೇ ತೆಗೆದುಕೊಳ್ಳೋಣ. 25 ಎಂಎಲ್‌ಗೆ ರಫ್ 11.8, ಆಮೇಲೆ 11.4, ಮತ್ತೆ 11.4. ತೆಗೆದುಕೊಳ್ಳುವುದು 11.4.

11.4 × 0.01008 = 0.1149. ಇಷ್ಟು ಮಿಲಿಮೋಲ್ ಇಡಿಟಿಎ ಖರ್ಚಾಯಿತು. ತಲೆಗೊಂದು ಎಂದ ಮೇಲೆ 25 ಎಂಎಲ್ ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಅಷ್ಟೇ. ಇದನ್ನು 100ರಿಂದ ಗುಣಿಸಿ (ಯಾಕೆಂದು ಮುಂದೆ ಹೇಳುತ್ತೇನೆ): 11.49 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಲೀಟರಿನಲ್ಲಿ 25 ಎಂಎಲ್ 40 ಸಲ ಬರುತ್ತದೆ. 11.49 × 40 = 460. ಅಂದರೆ ಲೀಟರಿಗೆ 460 ಮಿಲಿಗ್ರಾಂ, ಅಥವಾ 460 ಪಿಪಿಎಂ.

ಸೂತ್ರ ಬರೆಯಲಿಲ್ಲ ನೋಡಿ. ಮೂರು ಗುಣಾಕಾರ ಅಷ್ಟೆ. ಉರು ಹೊಡೆದ ಸೂತ್ರ ಪರೀಕ್ಷೆಯ ದಿನ ಕೈಕೊಡುತ್ತದೆ, ಈ ದಾರಿ ಕೈಕೊಡುವುದಿಲ್ಲ.

0.01 ಎಂದು ಬರೆದಿದ್ದರೆ 456 ಬರುತ್ತಿತ್ತು. ನಾಲ್ಕು ಪಿಪಿಎಂ ತಪ್ಪು. ಒಂದು ಹನಿ ಸುಮಾರು 0.05 ಎಂಎಲ್, ಅದು ಜಾಸ್ತಿ ಬಿದ್ದರೆ ಎರಡು ಪಿಪಿಎಂ. ಅಜಾಗರೂಕತೆಯಿಂದ ಒಂದು ಎಂಎಲ್ ಜಾಸ್ತಿ ಸುರಿದರೆ 40 ಪಿಪಿಎಂ. ಯಾವ ತಪ್ಪಿಗೆ ಎಷ್ಟು ದಂಡ ಎಂದು ಈಗ ನಿಮಗೇ ಗೊತ್ತು. ಎಂಜಿನಿಯರ್‌ಗಳಿಗೆ ಬೇಕಾದ ಬುದ್ಧಿ ಇದು ಎಂದು ನನ್ನ ಅಭಿಪ್ರಾಯ. ಸಾಫ್ಟ್‌ವೇರಿನವರಿಗೂ ಬೇಕು.

ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿಯೇ ಇರುವುದಿಲ್ಲ, ಆದರೂ ಅದರ ಲೆಕ್ಕದಲ್ಲಿ ಯಾಕೆ ಹೇಳುವುದು? ನಮ್ಮಜ್ಜ ಜಮೀನು ಗುತ್ತಿಗೆಗೆ ಕೊಟ್ಟರೆ ಎಕರೆಗೆ ಇಷ್ಟು ಪಲ್ಲ ರಾಗಿ ಎನ್ನುತ್ತಿದ್ದರು. ಹೊಲದಲ್ಲಿ ಹುರುಳಿ ಬೆಳೆದರೂ ಅವರೆ ಬೆಳೆದರೂ ಲೆಕ್ಕ ಮಾತ್ರ ರಾಗಿಯಲ್ಲಿ. ಇಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ರಾಗಿಯ ಜಾಗದಲ್ಲಿದೆ. ಅದರ ಒಂದು ಮೋಲ್ 100 ಗ್ರಾಂ, ಗುಣಿಸುವುದಕ್ಕೆ ಸುಲಭ. ಥಿಯರಿ ಪೇಪರಿನ ಲೆಕ್ಕವೂ ಹೀಗೇ. ಲೀಟರಿಗೆ 16.2 ಮಿಲಿಗ್ರಾಂ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕೊಟ್ಟರೆ ಅದರ ಮೋಲ್ ತೂಕ 162. 16.2 × 100 ÷ 162 = 10. ಕ್ಯಾಲ್ಸಿಯಂ ಸಲ್ಫೇಟ್ 13.6 ಮಿಲಿಗ್ರಾಂ ಆದರೆ ಮೋಲ್ ತೂಕ 136, ಅದೂ 10. ಮೊದಲನೆಯದು ತಾತ್ಕಾಲಿಕದ ಖಾತೆಗೆ, ಎರಡನೆಯದು ಶಾಶ್ವತದ ಖಾತೆಗೆ.

ನಿಮ್ಮ ನೀರಿನಲ್ಲಿ ಎರಡೂ ಎಷ್ಟೆಷ್ಟಿವೆ ಎಂದು ನೋಡಬೇಕಾ? 250 ಎಂಎಲ್ ನೀರನ್ನು ಬೀಕರಿನಲ್ಲಿ ಅರ್ಧ ಗಂಟೆ ಕುದಿಸಿ, ಆರಿಸಿ, ಸೋಸಿ. ಆವಿಯಾಗಿ ಕಡಿಮೆಯಾದದ್ದನ್ನು ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ 250ಕ್ಕೆ ತನ್ನಿ. ಇದನ್ನು ಮರೆತರೆ ಎಲ್ಲ ಹಾಳು. ಈಗ ಮತ್ತೆ ಟೈಟ್ರೇಟ್ ಮಾಡಿ. ನಮ್ಮ ಮನೆ ನೀರಿಗೆ 4.1 ಬಂತು, ಅಂದರೆ 165 ಪಿಪಿಎಂ. ಕುದಿಸಿದರೂ ಹೋಗದ ಶಾಶ್ವತ ಗಡಸುತನ ಅದು. ಉಳಿದ 295 ತಳ ಕಂಡಿದೆ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ನಂಬರು ಐಎಸ್ 10500. ಅದರ ಪ್ರಕಾರ ಒಟ್ಟು ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮದು ನಡುವೆ ಇದೆ. ಕುಡಿಯುವುದಕ್ಕಿಂತ ಗೀಸರ್‌ಗೆ ಅದು ದೊಡ್ಡ ತೊಂದರೆ. ದಿನಕ್ಕೆ 100 ಲೀಟರ್ ಕಾಯಿಸಿದರೆ ಲೀಟರಿಗೆ 295 ಮಿಲಿಗ್ರಾಂನಂತೆ 29.5 ಗ್ರಾಂ. ವರ್ಷಕ್ಕೆ ಹತ್ತು ಕೆಜಿಗಿಂತ ಜಾಸ್ತಿ! ಗೀಸರ್ ಕುದಿಯುವಷ್ಟು ಕಾಯುವುದಿಲ್ಲ, ಎಲ್ಲವೂ ಕಟ್ಟುವುದಿಲ್ಲ. ಹತ್ತರಲ್ಲೊಂದು ಪಾಲು ಕಟ್ಟಿದರೂ ಒಂದು ಕೆಜಿ ಕಲ್ಲು. ನಮ್ಮ ಗೀಸರಿನ ಕಾಯಿಲ್ ಸುಟ್ಟಾಗ ರಿಪೇರಿ ಮಾಡುವ ಹುಡುಗ ಹೊರತೆಗೆದ ಪುಡಿಯನ್ನು ಲ್ಯಾಬಿಗೆ ತಂದಿಟ್ಟಿದ್ದೇನೆ. ನಿಂಬೆ ಹುಳಿ ಹಿಂಡಿದರೆ ಬುಸ್ಸೆಂದು ಗುಳ್ಳೆ ಬರುತ್ತದೆ. ಕಾರ್ಬೊನೇಟು ಅನ್ನುವುದಕ್ಕೆ ಅದೇ ಗುರುತು. ಕಾರ್ಖಾನೆಯ ಬಾಯ್ಲರಿನಲ್ಲಿ ಇದೇ ಪದರ ಕಟ್ಟಿದರೆ ಶಾಖ ದಾಟುವುದಿಲ್ಲ, ಉರುವಲು ದಂಡ, ಕೊಳವೆ ಕಾದು ಸಿಡಿಯುವ ಅಪಾಯ ಬೇರೆ. ಮೆಕ್ಯಾನಿಕಲ್‌ನವರು ಇದನ್ನು ಎರಡು ವರ್ಷ ಬಿಟ್ಟು ಮತ್ತೆ ಓದುತ್ತೀರಿ.

ಕೆಲವು ಊರಿನ ನೀರು ಬ್ಯೂರೆಟ್ಟನ್ನೇ ಖಾಲಿ ಮಾಡುತ್ತದೆ. 25 ಎಂಎಲ್‌ಗೆ 30 ದಾಟಿದರೆ ಹಠ ಮಾಡಬೇಡಿ. ನೀರನ್ನು 25 ಎಂಎಲ್ ತೆಗೆದು 100ಕ್ಕೆ ಮೇಕಪ್ ಮಾಡಿ, ಅದರಿಂದ ಮತ್ತೆ 25 ತೆಗೆದು ಟೈಟ್ರೇಟ್ ಮಾಡಿ. ಉತ್ತರವನ್ನು ನಾಲ್ಕರಿಂದ ಗುಣಿಸಲು ಮರೆಯಬೇಡಿ.

ಇದು ಕೈಗೆ ಬಂದ ಮೇಲೆ ಸಿಮೆಂಟಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಅಳೆಯುವುದು ಇದರ ತಮ್ಮನೇ. ಅಲ್ಲಿ ಪಿಎಚ್ ಇನ್ನೂ ಮೇಲೆ, ಇಂಡಿಕೇಟರ್ ಬೇರೆ. ಹಿತ್ತಾಳೆಯ ತಾಮ್ರ, ಅದಿರಿನ ಕಬ್ಬಿಣ, ಕೊಳಚೆ ನೀರಿನ ಸಿಒಡಿ (ಅದರ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಕ್ಸಿಜನ್), ಎಲ್ಲದರಲ್ಲೂ ತೂಕದಿಂದ ತಲೆಗೆ, ತಲೆಯಿಂದ ತೂಕಕ್ಕೆ ಹೋಗಿ ಬರುವುದೇ ಕೆಲಸ. ಅವಕ್ಕೆ ಇಷ್ಟು ಹೊತ್ತು ಬೇಕಾಗುವುದಿಲ್ಲ.

ಲ್ಯಾಬ್ ಇಲ್ಲದ ದಿನ ಮನೆಯಲ್ಲಿ ಮಾಡಬೇಕೆಂದರೆ ಸ್ನಾನದ ಸೋಪನ್ನು ತುರಿದು ಬಿಸಿ ಮಳೆ ನೀರಿನಲ್ಲಿ ಕರಗಿಸಿ. ಶಾಂಪೂ, ಬಟ್ಟೆ ಪುಡಿ ಬೇಡ. ಅವು ಗಡಸು ನೀರಲ್ಲೂ ನೊರೆ ಕೊಡುವಂತೆ ಮಾಡಿದವು. ಒಂದೇ ಅಳತೆಯ ಎರಡು ಬಾಟಲಿ, ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಮಳೆ ನೀರು. ಸೋಪು ನೀರನ್ನು ಹನಿ ಹನಿ ಹಾಕಿ ಕುಲುಕುತ್ತಾ ಹೋಗಿ. ನೊರೆ ಎರಡು ನಿಮಿಷ ನಿಲ್ಲುವುದಕ್ಕೆ ಎಷ್ಟು ಹನಿ ಬೇಕಾಯಿತು ಎಂದು ಎರಡಕ್ಕೂ ಎಣಿಸಿ. ಇದೂ ಟೈಟ್ರೇಶನ್ನೇ. ಇಂಡಿಕೇಟರ್ ಜಾಗದಲ್ಲಿ ನೊರೆ.

ಮತ್ತೆ ಬಾಟಲಿ ವಿಷಯ. ಮೇಲೆ ಚೀಟಿ ಅಂಟಿಸಿ ಊರಿನ ಹೆಸರು, ಬೋರ್‌ವೆಲ್ಲೋ ಕೆರೆಯೋ ಕೊಳಾಯಿಯೋ, ಹಿಡಿದ ತಾರೀಕು ಬರೆಯಿರಿ. ಹೋದ ವರ್ಷ ಯಾರೋ ಬರೀ 'ವಾಟರ್' ಎಂದು ಬರೆದು ಇಟ್ಟು ಹೋಗಿದ್ದರು. ಯಾರದೆಂದು ಗೊತ್ತಾಗಲಿಲ್ಲ, ನಾನೇ ಟೈಟ್ರೇಟ್ ಮಾಡಿದೆ. 25 ಎಂಎಲ್‌ಗೆ 0.2 ಬಂತು. ಎಂಟು ಪಿಪಿಎಂ. ಅಷ್ಟು ಹೇಳಿದರೂ ಕೇಳದೆ ಹಾಸ್ಟೆಲಿನ ಆರ್‌ಒ ನಲ್ಲಿಯಿಂದ ಹಿಡಿದು ತಂದಿದ್ದರು.